ಅರಳುಮರಳು ಅಂತ ಬಿಟ್ಟುಬಿಡಬೇಡಿ: ಮನೆಯ ಹಿರಿಯರ ನೆನಪಿಗಾಗಿ ಏನು ಮಾಡಬಹುದು

ಅಪ್ಪ ಪ್ರತಿ ಸಂಜೆ ಲೆಕ್ಕ ಬರೆಯುತ್ತಿದ್ದರು. ಎಷ್ಟು ಜನ ಆಳು ಬಂದರು, ಎಷ್ಟು ಗೊನೆ ಅಡಿಕೆ ಇಳಿಯಿತು, ತೆಂಗಿನಕಾಯಿ ಎಷ್ಟು ಹೋಯಿತು, ಯಾರಿಗೆ ಎಷ್ಟು ಕೊಟ್ಟದ್ದು. ಆ ಪುಸ್ತಕಗಳೆಲ್ಲ ಇನ್ನೂ ಅಟ್ಟದಲ್ಲಿವೆ. ಒಂದು ವರ್ಷ ಕೊಯ್ಲಿನ ಹೊತ್ತಿನಲ್ಲಿ ಒಬ್ಬನೇ ಆಳಿಗೆ ಒಂದೇ ದಿನ ಎರಡು ಸಲ ಸಂಬಳ ಕೊಟ್ಟರು. ಅವನು ಒಳ್ಳೆಯವನು, ದುಡ್ಡು ತಿರುಗಿ ತಂದುಕೊಟ್ಟ. ಪುಸ್ತಕ ತೆರೆದು ನೋಡಿದರೆ ಹದಿನೈದು ದಿನದಿಂದ ಒಂದು ಅಕ್ಷರ ಬರೆದಿರಲಿಲ್ಲ. ನಾವು ಏನು ಹೇಳಿದೆವು ಗೊತ್ತಾ? "ಎಪ್ಪತ್ತು ದಾಟಿತಲ್ಲ, ಅರಳುಮರಳು." ಹಾಗೆ ಹೇಳಿಕೊಂಡೇ ಎರಡು ವರ್ಷ ಕಳೆದೆವು.

ಆ ಎರಡು ವರ್ಷದ ಬಗ್ಗೆ ನನಗೆ ಈಗಲೂ ಬೇಜಾರಿದೆ. ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳುತ್ತೇನೆ. ಆಗ ಯಾರಾದರೂ ನನ್ನನ್ನು ಕೂರಿಸಿ, ಮೊದಲು ಇದು ಮಾಡು, ಆಮೇಲೆ ಅದು ಮಾಡು ಅಂತ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆರು ವರ್ಷ ಅಪ್ಪನ ಜೊತೆ ಓಡಾಡಿ, ಡಾಕ್ಟರುಗಳನ್ನು ಕೇಳಿ, ಓದಿ ತಿಳಿದುಕೊಂಡದ್ದು ಇದು.

ಹೆಜ್ಜೆ 1: ಯಾವ ಮರೆವಿಗೆ ಹೆದರಬೇಕು, ಯಾವುದಕ್ಕೆ ಬೇಡ

ಅರವತ್ತಕ್ಕೆ ಅರಳುಮರಳು ಅನ್ನುವ ಮಾತು ನಮ್ಮ ಬಾಯಲ್ಲಿ ಎಷ್ಟು ಕೂತುಬಿಟ್ಟಿದೆ ಅಂದರೆ, ಅದು ನಿಜ ಅಂತಲೇ ನಂಬಿದ್ದೇವೆ. ನಿಜ ಅಲ್ಲ. ನಮ್ಮ ದೇಶದಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಲೆಕ್ಕ 2023ರಲ್ಲಿ ಹೊರಬಂತು. ಅರವತ್ತು ದಾಟಿದವರಲ್ಲಿ ಡಿಮೆನ್ಶಿಯಾ, ಅಂದರೆ ದಿನದ ಕೆಲಸಕ್ಕೇ ತೊಂದರೆಯಾಗುವಷ್ಟು ಮರೆವು, ಇರುವವರು ನೂರಕ್ಕೆ ಸುಮಾರು 7.4. ಅಂದರೆ ದೇಶದಲ್ಲಿ ಸುಮಾರು 88 ಲಕ್ಷ ಜನ. ಸಣ್ಣ ಸಂಖ್ಯೆ ಖಂಡಿತ ಅಲ್ಲ. ಆದರೆ ಅದನ್ನೇ ತಿರುಗಿಸಿ ನೋಡಿ. ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಹಿರಿಯರಿಗೆ ಅದು ಇಲ್ಲ. ವಯಸ್ಸಾದ ಮಾತ್ರಕ್ಕೆ ಬುದ್ಧಿ ಕೆಡಬೇಕು ಅಂತ ಇಲ್ಲ. ಕೆಡುತ್ತಿದೆ ಅಂದರೆ ಅದಕ್ಕೊಂದು ಕಾರಣ ಇದೆ, ಹುಡುಕಬೇಕು.

ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು, ಮದುವೆ ಮನೆಯಲ್ಲಿ ಸಿಕ್ಕಿದವರ ಹೆಸರು ಆ ಹೊತ್ತಿಗೆ ಬಾರದೆ ರಾತ್ರಿ ಮಲಗುವಾಗ ನೆನಪಾಗುವುದು, ಇವೆಲ್ಲ ಮಾಮೂಲಿ. ಕನ್ನಡಕ ಕೈಯಲ್ಲಿದ್ದೂ ಅದು ಏನಕ್ಕೆ ಅಂತ ತಿಳಿಯದಿದ್ದರೆ ಅದು ಬೇರೆ. ಅರವತ್ತು ವರ್ಷ ಓಡಾಡಿದ ತೋಟದ ದಾರಿ ತಪ್ಪುವುದು. ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆ ಐದು ಸಲ ಕೇಳುವುದು, ಕೇಳಿದ್ದೇ ನೆನಪಿಲ್ಲದಿರುವುದು. ಜನ್ಮವಿಡೀ ಪತ್ರೊಡೆ ಮಾಡಿದ ಅಜ್ಜಿಗೆ ಎಲೆಗೆ ಹಿಟ್ಟು ಹಚ್ಚುವುದು ಮೊದಲೋ ಸುತ್ತುವುದು ಮೊದಲೋ ಅಂತ ಗೊಂದಲವಾಗುವುದು. ನನ್ನ ಸರ ಸೊಸೆ ಕದ್ದಳು ಅಂತ ಅನುಮಾನ ಶುರುವಾಗುವುದು. ಶಾಂತವಾಗಿದ್ದವರು ಸಿಡುಕುವುದು, ಮಾತಿನ ಮಲ್ಲರಾಗಿದ್ದವರು ಮೂಲೆ ಸೇರುವುದು. ಇಂಥದ್ದು ಕಂಡರೆ ಸುಮ್ನೆ ಕೂರಬೇಡಿ.

ಒಂದು ನೋಟ್‌ಬುಕ್ ಇಡಿ. ಒಂದು ತಿಂಗಳು ತಾರೀಕು ಹಾಕಿ ಬರೆಯಿರಿ. "ಮಂಗಳವಾರ, ಗ್ಯಾಸ್ ಆರಿಸಲು ಮರೆತರು." "ಶುಕ್ರವಾರ, ತಮ್ಮನನ್ನು ಮಾವ ಅಂತ ಕರೆದರು." ಡಾಕ್ಟರ ಎದುರು ಹತ್ತು ನಿಮಿಷ ಕೂತಾಗ ಹಿರಿಯರು ಚೆನ್ನಾಗಿಯೇ ಮಾತಾಡುತ್ತಾರೆ. ಮರ್ಯಾದೆ ಬಿಟ್ಟುಕೊಡುವುದಿಲ್ಲ. ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಹೇಳುವುದು ಈ ಪುಸ್ತಕ ಮಾತ್ರ.

ಒಂದು ಎಚ್ಚರಿಕೆ. ನಿನ್ನೆವರೆಗೆ ಸರಿಯಿದ್ದವರು ಇವತ್ತು ಏನೇನೋ ಮಾತಾಡುತ್ತಿದ್ದರೆ ಅದು ಹೆಚ್ಚಾಗಿ ಡಿಮೆನ್ಶಿಯಾ ಅಲ್ಲ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಬಿದ್ದು ತಲೆಯೊಳಗೆ ರಕ್ತ ಕಟ್ಟುವುದು, ಪಾರ್ಶ್ವವಾಯು, ಹೀಗೆ ಯಾವುದಾದರೂ ಇರಬಹುದು. ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.

ಹೆಜ್ಜೆ 2: ಸರಿಯಾಗುವ ಕಾರಣಗಳನ್ನು ಮೊದಲು ಹುಡುಕಿ

ಡಿಮೆನ್ಶಿಯಾ ಅಂದರೆ ಒಂದು ರೋಗದ ಹೆಸರಲ್ಲ. ನೆನಪು, ಯೋಚನೆ, ಮಾತು ಕುಂದಿ ದಿನದ ಕೆಲಸಕ್ಕೆ ತೊಂದರೆಯಾಗುವ ಸ್ಥಿತಿಗೆ ಹಾಗೆ ಹೇಳುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ಆಲ್ಝೈಮರ್ ಕಾಯಿಲೆ. ಮೆದುಳಿನ ರಕ್ತನಾಳ ಕಟ್ಟಿ ಬರುವಂಥದ್ದು ಇನ್ನೊಂದು. ಇವು ಬಂದರೆ ಪೂರ್ತಿ ವಾಸಿಮಾಡುವ ಮದ್ದು ಇವತ್ತಿಗೂ ಇಲ್ಲ. ಆದರೆ ನೋಡಲು ಹಾಗೇ ಕಾಣುವ, ಮದ್ದಿನಿಂದ ಸರಿಯಾಗುವ ಕಾರಣಗಳೂ ಕೆಲವು ಇವೆ. ಅವನ್ನು ಬಿಟ್ಟುಬಿಟ್ಟರೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ.

ಬಿ12 ವಿಟಮಿನ್, ಥೈರಾಯ್ಡ್, ಸೋಡಿಯಂ, ಶುಗರ್, ಹಿಮೋಗ್ಲೋಬಿನ್, ಕಿಡ್ನಿ: ಈ ರಕ್ತಪರೀಕ್ಷೆಗಳನ್ನು ಮಾಡಿಸಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಬಿ12 ಬಗ್ಗೆ ನಮ್ಮೂರಲ್ಲಿ ಸ್ವಲ್ಪ ಜಾಸ್ತಿ ಗಮನ ಬೇಕು. ಅದು ಮೀನು, ಮೊಟ್ಟೆ, ಮಾಂಸ, ಹಾಲಿನಲ್ಲಿ ಮಾತ್ರ ಸಿಗುತ್ತದೆ, ಸೊಪ್ಪು ತರಕಾರಿಯಲ್ಲಿ ಇಲ್ಲ. ಸಸ್ಯಾಹಾರದ ಮನೆಗಳಲ್ಲಿ ವಯಸ್ಸಾದ ಮೇಲೆ ಹಾಲು ಮೊಸರೂ ಕಡಿಮೆಯಾಗುತ್ತದೆ, ಹೀರಿಕೊಳ್ಳುವ ಶಕ್ತಿಯೂ ಇಳಿಯುತ್ತದೆ. ಶುಗರ್‌ಗೆ ತುಂಬ ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಬಿ12 ಕಡಿಮೆಯಾಗುವುದುಂಟು.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಡಾಕ್ಟರಿಗೆ ತೋರಿಸಿ. ನಿದ್ದೆ ಮಾತ್ರೆ, ಶೀತಕ್ಕೆ ಅಂಗಡಿಯಿಂದ ತಂದ ಮಾತ್ರೆ, ಮೂತ್ರ ತಡೆಯುವ ಮಾತ್ರೆ, ಕೆಲವರು ಕೊಟ್ಟ ಪುಡಿ, ಕಷಾಯ, ಎಲ್ಲವೂ. ಕೆಲವು ಮಾತ್ರೆಗಳು ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ಹಾಗೇ ಖಿನ್ನತೆ. ಜೊತೆಗಿದ್ದವರು ತೀರಿಹೋದ ಮೇಲೆ ಮಾತು, ಊಟ, ನೆನಪು ಎಲ್ಲ ಕುಂದುವುದನ್ನು ನಾನೇ ನೋಡಿದ್ದೇನೆ. ಖಿನ್ನತೆಗೆ ಮದ್ದು ಇದೆ.

ಹೆಜ್ಜೆ 3: ನೆನಪಿನ ಪರೀಕ್ಷೆ ಅವರ ಭಾಷೆಯಲ್ಲೇ ಆಗಲಿ

ಈ ಹೆಜ್ಜೆ ಬೇರೆ ಊರಿನ ಲೇಖನಗಳಲ್ಲಿ ಸಿಗಲಿಕ್ಕಿಲ್ಲ. ನಮಗೆ ಮಾತ್ರ ಬಹಳ ಮುಖ್ಯ.

ಅಪ್ಪ ಹುಟ್ಟಿದ್ದು 1944ರಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹನ್ನೆರಡು ವರ್ಷ ತುಂಬುವಾಗ, 1956ರ ನವೆಂಬರ್ 1ಕ್ಕೆ, ಊರು ಕೇರಳಕ್ಕೆ ಸೇರಿತು. ಮಲಯಾಳ ಆಮೇಲೆ ಪೇಟೆಯಲ್ಲಿ ಕಲಿತದ್ದು. ಮೊದಲ ಸಲ ನಾವು ಹೋದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದವರು ಮಲಯಾಳದಲ್ಲಿ, ಮಧ್ಯೆ ಮಧ್ಯೆ ಇಂಗ್ಲಿಷಿನಲ್ಲಿ ಕೇಳಿದರು. "ಇದು ಯಾವ ಜಿಲ್ಲೆ?" ಅಪ್ಪ ಸ್ವಲ್ಪ ಯೋಚಿಸಿ "ದಕ್ಷಿಣ ಕನ್ನಡ" ಅಂದರು. ತಪ್ಪು ಅಂತ ಗುರುತು ಹಾಕಿದರು. ಮೂರು ವಸ್ತುಗಳ ಹೆಸರು ಮಲಯಾಳದಲ್ಲಿ ಹೇಳಿ ನೆನಪಿಡಲು ಹೇಳಿದರು. ಅಪ್ಪನಿಗೆ ಒಂದೂ ಬರಲಿಲ್ಲ. ಹೊರಗೆ ಬಂದು ಬೆಂಚಿನಲ್ಲಿ ಕೂತು ತಲೆ ತಗ್ಗಿಸಿಬಿಟ್ಟರು. ನನಗೆ ಸಂಕಟವಾಯಿತು.

ನಮ್ಮ ಮನೆ ಇದ್ದಲ್ಲೇ ಇದೆ. ಜಿಲ್ಲೆ ಮಾತ್ರ ಮೊದಲು ದಕ್ಷಿಣ ಕನ್ನಡ, ಆಮೇಲೆ ಕಣ್ಣೂರು, 1984ರಿಂದ ಕಾಸರಗೋಡು. ಡಿಮೆನ್ಶಿಯಾದಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ. ಹಾಗೆ ನೋಡಿದರೆ ಅಪ್ಪನ ಉತ್ತರದಲ್ಲಿ ಕಾಯಿಲೆಯ ಸುಳಿವು ಇತ್ತು, ನಿಜ. ಆದರೆ ಎಷ್ಟು ಭಾಗ ಕಾಯಿಲೆ, ಎಷ್ಟು ಭಾಗ ಭಾಷೆ ಅಂತ ಆ ಕಾಗದದಿಂದ ಗೊತ್ತಾಗುವ ಹಾಗಿರಲಿಲ್ಲ. ಎರಡು ತಿಂಗಳ ನಂತರ ಕನ್ನಡ ಬಲ್ಲವರೊಬ್ಬರು ಕನ್ನಡದಲ್ಲೇ ಕೇಳಿದಾಗ ಅಂಕ ಚೆನ್ನಾಗಿ ಏರಿತು. ಕಾಯಿಲೆ ಇತ್ತು, ಆದರೆ ಮೊದಲು ಹೇಳಿದಷ್ಟು ಮುಂದುವರಿದಿರಲಿಲ್ಲ.

ಅದಕ್ಕೇ ಹೇಳುವುದು, ಸಮಯ ಗೊತ್ತುಮಾಡುವಾಗಲೇ ಕೇಳಿ: "ಪರೀಕ್ಷೆ ಕನ್ನಡದಲ್ಲಿ ಮಾಡುತ್ತೀರಾ?" ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದ ನೆನಪಿನ ಪರೀಕ್ಷೆಗಳು ಕನ್ನಡದಲ್ಲೂ ಇವೆ, ಮಲಯಾಳದಲ್ಲೂ ಇವೆ. ಕನ್ನಡ ಬಲ್ಲವರು ಇಲ್ಲಿ ಸಿಗದಿದ್ದರೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದರಲ್ಲಿ ತಪ್ಪಿಲ್ಲ. ಹಿರಿಯರು ಎಷ್ಟು ಓದಿದ್ದಾರೆ, ಯಾವ ಭಾಷೆಯಲ್ಲಿ ಲೆಕ್ಕ ಮಾಡುತ್ತಾರೆ ಅಂತ ಮೊದಲೇ ಹೇಳಿ. ಶಾಲೆಗೇ ಹೋಗದ ಅಜ್ಜಿಗೆ ಚಿತ್ರ ನಕಲು ಮಾಡಲು ಕೊಟ್ಟು ನಪಾಸು ಅನ್ನುವುದು ನ್ಯಾಯ ಅಲ್ಲ.

ಭಾಷೆಯ ಇನ್ನೊಂದು ಮುಖವೂ ಇದೆ, ಇದು ಸಂತೋಷದ್ದು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಯವರು 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿದರು. ಅದು 2013ರಲ್ಲಿ ಪ್ರಕಟವಾಯಿತು. ಎರಡು ಅಥವಾ ಹೆಚ್ಚು ಭಾಷೆ ಮಾತಾಡುವವರಿಗೆ ಕಾಯಿಲೆ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಇಲ್ಲದವರಲ್ಲೂ ಇದೇ ಕಂಡುಬಂತು. ಕಾಸರಗೋಡಿನ ನಮ್ಮ ಕಿವಿಗೆ ಇದು ಎಷ್ಟು ಹಿತವಾದ ಸುದ್ದಿ ಅಲ್ವಾ! ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಬೆರೆಯುವ ನೆಲ ಇದು. ಒಂದು ಅಧ್ಯಯನದಿಂದ ಎಲ್ಲವೂ ಸಿದ್ಧವಾಯಿತು ಅಂತ ಹೇಳಲಾರೆ. ಆದರೂ ಮಕ್ಕಳು ಅಜ್ಜ ಅಜ್ಜಿಯ ಜೊತೆ ಮನೆಮಾತಿನಲ್ಲಿ ಮಾತಾಡಲಿ, ಹಿರಿಯರು ಎಲ್ಲ ಭಾಷೆಯನ್ನೂ ಬಳಸುತ್ತಿರಲಿ. ಇದಕ್ಕೆ ದುಡ್ಡು ಬೇಡ.

ಹೆಜ್ಜೆ 4: ಬಿಪಿ, ಶುಗರ್, ಕೊಲೆಸ್ಟ್ರಾಲ್

ಮೆದುಳು ನಮ್ಮ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಇಪ್ಪತ್ತು ಪಾಲು ಅದಕ್ಕೇ ಬೇಕು. ಅಷ್ಟನ್ನೂ ಕೂದಲೆಳೆಯಂಥ ಸಣ್ಣ ರಕ್ತನಾಳಗಳು ತಲುಪಿಸಬೇಕು. ತೋಟದ ತುಂತುರು ಪೈಪಿಗೆ ಮೋಟಾರಿನ ಒತ್ತಡ ಜಾಸ್ತಿಯಾದರೆ ಏನಾಗುತ್ತದೆ ಅಂತ ಕೃಷಿಕರಿಗೆ ಹೇಳಿಕೊಡಬೇಕಾಗಿಲ್ಲ. ಕೆಲವು ಕಡೆ ಒಡೆಯುತ್ತದೆ, ಕೆಲವು ಕಡೆ ಕಸ ಕಟ್ಟುತ್ತದೆ, ಕೊನೆಯ ಗಿಡಕ್ಕೆ ನೀರೇ ಹೋಗುವುದಿಲ್ಲ.

ಅಮೆರಿಕದಲ್ಲಿ ಐವತ್ತು ದಾಟಿದ ಒಂಬತ್ತು ಸಾವಿರಕ್ಕೂ ಹೆಚ್ಚು ಬಿಪಿ ಇರುವವರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಮೇಲಿನ ಬಿಪಿಯನ್ನು 140ರ ಬದಲು 120ರ ಕೆಳಗೆ ಇಟ್ಟವರಲ್ಲಿ, ಡಿಮೆನ್ಶಿಯಾಕ್ಕೆ ಮುಂಚಿನ ಸಣ್ಣ ಮಟ್ಟದ ಮರೆವು ನೂರಕ್ಕೆ 19ರಷ್ಟು ಕಡಿಮೆಯಿತ್ತು. ತುಂಬ ವಯಸ್ಸಾದವರಲ್ಲಿ ಬಿಪಿ ಅತಿಯಾಗಿ ಇಳಿದರೆ ತಲೆ ತಿರುಗಿ ಬೀಳುತ್ತಾರೆ. ಆದ್ದರಿಂದ ನಿಮ್ಮವರಿಗೆ ಎಷ್ಟಿರಬೇಕು ಅಂತ ಡಾಕ್ಟರೇ ಹೇಳಲಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. "ಈಗ ನಾರ್ಮಲ್ ಆಗಿದೆ, ಇನ್ನು ಯಾಕೆ ಮಾತ್ರೆ" ಅಂತ ನಮ್ಮಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ. ಮಾತ್ರೆ ಇರುವುದರಿಂದಲೇ ನಾರ್ಮಲ್ ಆಗಿದೆ.

ಬಿಪಿ, ಶುಗರ್ ನೋಡಿಸಲು ದೂರ ಹೋಗಬೇಕಾಗಿಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲೇ ನೋಡುತ್ತಾರೆ.

ಹೆಜ್ಜೆ 5: ಕಿವಿ, ಕಣ್ಣು

ನನಗೆ ಅತ್ಯಂತ ಆಶ್ಚರ್ಯ ಕೊಟ್ಟದ್ದು ಕಿವಿ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ರಚಿಸಿದ ತಜ್ಞರ ಆಯೋಗ 2024ರಲ್ಲಿ, ಡಿಮೆನ್ಶಿಯಾಕ್ಕೆ ದಾರಿಮಾಡುವ, ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿಮಾಡಿತು. ಈ ಎಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅವರ ಅಂದಾಜು. ಬಿಪಿ, ಶುಗರ್, ಬೀಡಿ ಸಿಗರೇಟು, ಕುಡಿತ, ಬೊಜ್ಜು, ಒಂಟಿತನ ಎಲ್ಲ ಅದರಲ್ಲಿವೆ. ಆದರೆ ಅತಿ ಹೆಚ್ಚು ತೂಕ ಇದ್ದದ್ದು ಎರಡಕ್ಕೆ: ಕಿವಿ ಕೇಳದಿರುವುದು ಮತ್ತು ಕೆಟ್ಟ ಕೊಲೆಸ್ಟ್ರಾಲ್. ಎರಡಕ್ಕೂ ನೂರರಲ್ಲಿ ಏಳೇಳು.

ಕಿವಿ ಮಂದವಾದವರು ಮೆಲ್ಲಗೆ ಜಗಲಿಯಿಂದ ಒಳಗೆ ಸೇರುತ್ತಾರೆ. ನಾಲ್ಕು ಜನ ಮಾತಾಡುವಲ್ಲಿ ಏನು ನಡೆಯುತ್ತಿದೆ ಅಂತ ತಿಳಿಯುವುದಿಲ್ಲ. ಪದೇ ಪದೇ "ಆಂ?" ಅನ್ನಲು ನಾಚಿಕೆ. ಉಳಿದವರೂ "ಹೇಳಿ ಪ್ರಯೋಜನ ಇಲ್ಲ" ಅಂತ ಬಿಟ್ಟುಬಿಡುತ್ತಾರೆ. ಮೆದುಳಿಗೆ ಕೆಲಸವೇ ಇಲ್ಲದಂತಾಗುತ್ತದೆ. ನಮ್ಮ ಬೈಲಿನ ಒಬ್ಬ ಅಜ್ಜಿಗೆ ಮರೆವು ಶುರುವಾಗಿದೆ ಅಂತಲೇ ಎಲ್ಲರೂ ತಿಳಿದಿದ್ದರು. ಕಿವಿಯಲ್ಲಿ ವರ್ಷಗಳ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ತೆಗೆಸಿದ ಮೇಲೆ ಅವರು ಮೊದಲಿನ ಹಾಗೆ ಬಂದವರಿಗೆಲ್ಲ ಊರ ಸುದ್ದಿ ಹೇಳತೊಡಗಿದರು.

ಶ್ರವಣ ಯಂತ್ರ ಹಾಕಿದರೆ ನೆನಪು ಉಳಿಯುತ್ತದಾ? 70ರಿಂದ 84 ವರ್ಷದ 977 ಜನರ ಮೇಲೆ ಮೂರು ವರ್ಷ ನಡೆದ ಪ್ರಯೋಗದ ಉತ್ತರ 2023ರಲ್ಲಿ ಬಂತು. ಎಲ್ಲರನ್ನೂ ಸೇರಿಸಿ ನೋಡಿದರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಬಿಪಿ, ಶುಗರ್‌ನಂಥ ತೊಂದರೆಗಳು ಹೆಚ್ಚಿದ್ದ ಗುಂಪಿನಲ್ಲಿ ಮರೆವಿನ ವೇಗ ನೂರಕ್ಕೆ 48ರಷ್ಟು ಕಡಿಮೆಯಾಯಿತು. ನಮ್ಮ ಹಿರಿಯರಲ್ಲಿ ಬಿಪಿ, ಶುಗರ್ ಎರಡೂ ಇಲ್ಲದವರು ಎಷ್ಟು ಜನ ಇದ್ದಾರೆ ಹೇಳಿ. ಯಂತ್ರ ದುಬಾರಿ, ನಿಜ. ಬಡ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶಿಬಿರಗಳ ಮೂಲಕ ಶ್ರವಣ ಯಂತ್ರ, ಕನ್ನಡಕ ಕೊಡುತ್ತಾರೆ. ಪಂಚಾಯತಿನಲ್ಲಿ ವಿಚಾರಿಸಿ. ಯಂತ್ರ ಸಿಕ್ಕಿದ ಮೇಲೆ ಒಂದೆರಡು ತಿಂಗಳು ತಾಳ್ಮೆಯಿಂದ ಅಭ್ಯಾಸ ಮಾಡಿಸಬೇಕು. ಮೊದಲ ವಾರವೇ ಕಿರಿಕಿರಿ ಅಂತ ಕಪಾಟು ಸೇರಿದ ಯಂತ್ರಗಳು ಬಹಳ ಮನೆಗಳಲ್ಲಿವೆ.

ಕಣ್ಣಿನ ಪೊರೆ ಬಂದಿದ್ದರೆ ತೆಗೆಸಿ. ದೃಷ್ಟಿ ಹೋಗುವುದೂ ಆ 14ರಲ್ಲಿ ಒಂದು.

ಹೆಜ್ಜೆ 6: ತಟ್ಟೆಯಲ್ಲಿ ಏನಿರಬೇಕು

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ನಾನು ಬೇಕೆಂದೇ ಆರನೆಯದಾಗಿ ಇಟ್ಟಿದ್ದೇನೆ. ಯಾಕೆಂದರೆ ಒಂದು ಸೊಪ್ಪೋ ಒಂದು ಪುಡಿಯೋ ಎಲ್ಲ ಸರಿಮಾಡುತ್ತದೆ ಅಂತ ನಂಬಿ ಬಿಪಿ ನೋಡಿಸದವರನ್ನು ಕಂಡಿದ್ದೇನೆ.

ಮೆದುಳಿಗೆ ಒಳ್ಳೆಯದು ಅಂತ ಹೆಸರಾದ 'ಮೈಂಡ್' ಊಟದ ಕ್ರಮ 2015ರಲ್ಲಿ ಅಮೆರಿಕದ ಷಿಕಾಗೊದಲ್ಲಿ ರೂಪುಗೊಂಡಿತು. ಸೊಪ್ಪು, ಕಾಳು, ಮೀನು, ಬೀಜಗಳು, ಪಾಲಿಶ್ ಮಾಡದ ಧಾನ್ಯ ಹೆಚ್ಚು. ಬೆಣ್ಣೆ, ಸಿಹಿ, ಕರಿದದ್ದು, ಕೆಂಪು ಮಾಂಸ ಕಡಿಮೆ. ಹೀಗೆ ಉಣ್ಣುವವರಲ್ಲಿ ಆಲ್ಝೈಮರ್ ಕಡಿಮೆ ಕಂಡಿತ್ತು. ಆದರೆ 604 ಜನರ ಮೇಲೆ ಮೂರು ವರ್ಷ ಪ್ರಯೋಗ ಮಾಡಿ ನೋಡಿದಾಗ, ಸಾಮಾನ್ಯ ಊಟವನ್ನೇ ಹಿತಮಿತವಾಗಿ ಉಂಡವರಿಗೂ ಇವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಇದು 2023ರ ಮಾತು. ಹಾಗಾದರೆ ಊಟ ಮುಖ್ಯ ಅಲ್ವಾ? ಮುಖ್ಯವೇ. ಊಟ ಮದ್ದಲ್ಲ ಅಷ್ಟೇ. ರಕ್ತನಾಳ, ಶುಗರ್, ತೂಕ ಇವುಗಳ ಮೂಲಕ ವರ್ಷಾನುಗಟ್ಟಲೆ ನಿಧಾನವಾಗಿ ಕೆಲಸಮಾಡುತ್ತದೆ. ಫಿನ್‌ಲ್ಯಾಂಡಿನಲ್ಲಿ 1260 ಹಿರಿಯರಿಗೆ ಒಳ್ಳೆಯ ಊಟ, ವ್ಯಾಯಾಮ, ಮೆದುಳಿಗೆ ಕೆಲಸ, ಬಿಪಿ ಶುಗರ್ ನಿಗಾ, ಎಲ್ಲವನ್ನೂ ಒಟ್ಟಿಗೆ ಎರಡು ವರ್ಷ ಕೊಟ್ಟಾಗ ನೆನಪು, ಯೋಚನೆಯ ಪರೀಕ್ಷೆಗಳಲ್ಲಿ ಒಳ್ಳೆಯ ಫಲ ಕಂಡಿತು. ಅದು ಪ್ರಕಟವಾದದ್ದು 2015ರಲ್ಲಿ.

ಇನ್ನು ನಮ್ಮ ಅಡುಗೆಮನೆಗೆ ಬರೋಣ. ಷಿಕಾಗೊದವರ ಪಟ್ಟಿ ಹಿಡಿದು ಪೇಟೆಗೆ ಓಡಬೇಕಾಗಿಲ್ಲ. ಬಸಳೆ, ಹರಿವೆ, ನುಗ್ಗೆಸೊಪ್ಪು, ಕೆಸು, ಮಳೆಗಾಲದ ಆಟಿ ತಿಂಗಳಲ್ಲಿ ಚಗತೆ ಸೊಪ್ಪು ಹಿತ್ತಲಲ್ಲೇ ಇವೆ. ದಿನಕ್ಕೊಂದು ಸೊಪ್ಪು ಇರಲಿ. ಕುಚ್ಚಲಕ್ಕಿ ಗಂಜಿಗೆ ಬೇಯಿಸಿದ ಹೆಸರುಕಾಳು, ಹುರುಳಿ ಸಾರು, ಅಲಸಂಡೆ ಪಲ್ಯ ನಮ್ಮ ಹಿಂದಿನವರ ಊಟವೇ. ಈಗ ಆಗಿರುವುದು ಏನೆಂದರೆ ಅನ್ನದ ರಾಶಿ ಅಷ್ಟೇ ಇದೆ, ಗದ್ದೆಯ ಕೆಲಸ ಇಲ್ಲ. ಒಂದು ಸೌಟು ಅನ್ನ ಕಡಿಮೆಮಾಡಿ, ಒಂದು ಸೌಟು ಪಲ್ಯ ಜಾಸ್ತಿ ಮಾಡಿ.

ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಯಂಥ ಒಳ್ಳೆಯದು ಇನ್ನೊಂದಿಲ್ಲ. ಒಮೇಗಾ 3 ಕೊಬ್ಬು ಅದರಲ್ಲಿ ಧಾರಾಳ. ವಾರಕ್ಕೆ ಎರಡು ಸಲ ಗಸಿ ಮಾಡಿ. ದಿನಾ ಎಣ್ಣೆಯಲ್ಲಿ ಮುಳುಗಿಸಿ ಹುರಿದರೆ ಆ ಲಾಭ ಉಳಿಯುವುದಿಲ್ಲ.

ಉಪ್ಪಿನ ವಿಷಯ ನಮ್ಮ ಕಡೆ ಜೋರಾಗಿ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ನಮ್ಮ ಮಳೆಗಾಲದ ಊಟ ಹೇಗಿದೆ ನೋಡಿ. ಭರಣಿಯಲ್ಲಿ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ), ಉಪ್ಪುನೀರಿನ ಮಾವಿನಕಾಯಿ, ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು. ಗಂಜಿಯ ಜೊತೆ ಇವಿಲ್ಲದೆ ಮಳೆಗಾಲವೇ ಇಲ್ಲ, ನನಗೂ ಗೊತ್ತು. ಬಿಡಿ ಅನ್ನುವುದಿಲ್ಲ. ಉಪ್ಪುಸೊಳೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಎರಡು ಮೂರು ಸಲ ನೀರು ಚೆಲ್ಲಿ, ಪಲ್ಯಕ್ಕೆ ಬೇರೆ ಉಪ್ಪು ಹಾಕಬೇಡಿ. ಉಪ್ಪಿನಕಾಯಿ, ಹಪ್ಪಳ, ಒಣಮೀನಿನಲ್ಲಿ ಒಂದು ಹೊತ್ತಿಗೆ ಒಂದೇ ಇರಲಿ.

ತೆಂಗಿನೆಣ್ಣೆ ದಿನಾ ಎರಡು ಚಮಚ ಕುಡಿದರೆ ಮರೆವು ಹೋಗುತ್ತದೆ ಅಂತ ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಅದರಲ್ಲಿರುವ ಕೊಬ್ಬು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಸಾಂಬಾರಿಗೆ ಕಾಯಿ ಅರೆಯಿರಿ, ಒಗ್ಗರಣೆಗೆ ಹಿತವಾಗಿ ಎಣ್ಣೆ ಹಾಕಿ, ಕುಡಿಯಬೇಡಿ. ತಿಮರೆ, ಅಂದರೆ ಒಂದೆಲಗದ ಬಗ್ಗೆಯೂ ಹೀಗೇ. ಒಂದೆಲಗದ ತಂಬುಳಿ, ಚಟ್ನಿ ರುಚಿ, ತಂಪು, ಒಳ್ಳೆಯ ಸೊಪ್ಪು. ಡಿಮೆನ್ಶಿಯಾ ತಡೆಯುತ್ತದೆ ಅನ್ನಲು ಬೇಕಾದಷ್ಟು ಪುರಾವೆ ಇಲ್ಲ. ಅದರ ಹೆಸರಿನಲ್ಲಿ ಸಾವಿರಾರು ರೂಪಾಯಿಯ ಪುಡಿ, ಮಾತ್ರೆ ಕೊಳ್ಳಬೇಡಿ. ಆ ದುಡ್ಡಿಗೆ ಮನೆಗೊಂದು ಬಿಪಿ ಯಂತ್ರ ಬರುತ್ತದೆ.

ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವುದನ್ನು ಬಿಡಿಸಲೇಬೇಕು. ನಾವು ಅಡಿಕೆಯಿಂದಲೇ ಬದುಕಿದ ಮನೆಯವರು. ಆದರೂ ಹೇಳುತ್ತೇನೆ, ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಜಗಿಯುವವರಿಗೆ ಬಾಯಿ ಕ್ಯಾನ್ಸರಿನ ಅಪಾಯ ಇದೆ. ಬೀಡಿ, ಸಿಗರೇಟು, ಕುಡಿತಗಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಒಂದು ವಿಷಯ ಮರೆಯಬೇಡಿ. ಡಿಮೆನ್ಶಿಯಾ ಬಂದಾಗಿದ್ದು ತೂಕ ಇಳಿಯುತ್ತಿರುವವರಿಗೆ ಈ ಪಥ್ಯವೆಲ್ಲ ಬೇಡ. ಅವರು ಏನು ಇಷ್ಟಪಟ್ಟು ತಿನ್ನುತ್ತಾರೋ ಅದನ್ನು ಕೊಡಿ. ಅಪ್ಪನಿಗೆ ಈಗ ಸಂಜೆ ಬೆಲ್ಲ ಹಾಕಿದ ಅವಲಕ್ಕಿ ಬೇಕು. ಕೊಡುತ್ತೇನೆ.

ಹೆಜ್ಜೆ 7: ಕಾಲಿಗೆ ಕೆಲಸ

ವಾರಕ್ಕೆ 150 ನಿಮಿಷ ಸ್ವಲ್ಪ ಉಸಿರು ಏರುವಂಥ ನಡಿಗೆ. ದಿನಕ್ಕೆ ಇಪ್ಪತ್ತೆರಡು ನಿಮಿಷ ಸಾಕು. ನಮ್ಮ ಗುಡ್ಡದ ಮನೆಗಳಿಗೆ ಇಳಿಜಾರು, ಮುರಕಲ್ಲಿನ ಮೆಟ್ಟಿಲು ಇದ್ದೇ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಜಗಲಿಯಲ್ಲೇ ನಡೆಯಲಿ. ಅಂಗಳದ ಪಾಚಿಯನ್ನು ಮಳೆಗೆ ಮೊದಲೇ ತಿಕ್ಕಿಸಿ, ಬಚ್ಚಲಿಗೆ ಕೈಪಿಡಿ ಹಾಕಿಸಿ. ತಲೆಗೆ ಪೆಟ್ಟಾಗುವುದೂ ಆ 14 ಕಾರಣಗಳಲ್ಲಿ ಒಂದು. ಸ್ಕೂಟರಿನ ಹಿಂದೆ ಕೂರುವ ಅಜ್ಜನಿಗೂ ಹೆಲ್ಮೆಟ್ ಬೇಕು.

ಹೆಜ್ಜೆ 8: ಮಾತಿಗೆ ಜನ, ತಲೆಗೆ ಕೆಲಸ

ಟಿವಿ ಎದುರು ಕೂರಿಸುವುದು ಇದಕ್ಕೆ ಲೆಕ್ಕ ಅಲ್ಲ. ತಾಳಮದ್ದಳೆ ಗೊತ್ತಲ್ಲ? ಒಬ್ಬರು ಪದ ಹೇಳುತ್ತಾರೆ, ಅದಕ್ಕೆ ಆ ಕ್ಷಣದಲ್ಲಿ ಅರ್ಥ ಕಟ್ಟಬೇಕು, ಎದುರಿನವರ ಮಾತನ್ನು ಹಿಡಿದು ಉತ್ತರ ಕೊಡಬೇಕು, ಕಥೆ ನೆನಪಿರಬೇಕು, ಭಾಷೆ ತಪ್ಪಬಾರದು. ಮೆದುಳಿಗೆ ಇದಕ್ಕಿಂತ ಒಳ್ಳೆಯ ಕಸರತ್ತು ನನಗೆ ತಿಳಿಯದು. ಅರ್ಥ ಹೇಳಲಾಗದವರು ಕೇಳಲು ಹೋಗಲಿ. ಭಜನೆ, ಆಟಿಯಲ್ಲಿ ರಾಮಾಯಣ ಓದುವುದು, ಚೆನ್ನೆಮಣೆ, ಮೊಮ್ಮಗಳಿಗೆ ಪತ್ರೊಡೆ ಕಲಿಸುವುದು, ಯಾವುದಾದರೂ ಆಗಲಿ. ಹೊಸದು ಏನಾದರೂ ಇದ್ದರೆ, ಜೊತೆಗೆ ಜನ ಇದ್ದರೆ ಇನ್ನೂ ಒಳ್ಳೆಯದು. ಮಕ್ಕಳೆಲ್ಲ ಬೆಂಗಳೂರು, ಗಲ್ಫ್ ಸೇರಿ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ಹಿರಿಯರು ನಮ್ಮಲ್ಲಿ ತುಂಬ ಇದ್ದಾರೆ. ಅವರಿಗೆ ವಾರಕ್ಕೊಮ್ಮೆ ಯಾರಾದರೂ ಹೋಗಿ ಕೂತು ಮಾತಾಡಿದರೆ ದೊಡ್ಡ ಉಪಕಾರ.

ಹೆಜ್ಜೆ 9: ಡಿಮೆನ್ಶಿಯಾ ಅಂತ ಗೊತ್ತಾದ ಮೇಲೆ

ಡಾಕ್ಟರು ಕೊಡುವ ಮಾತ್ರೆಗಳು ಕೆಲವರಿಗೆ ಕೆಲವು ಕಾಲ ಲಕ್ಷಣಗಳನ್ನು ಹಿಡಿದಿಡುತ್ತವೆ. ಉಳಿದದ್ದು ಮನೆಯವರ ಕೈಯಲ್ಲಿದೆ. ವಾದ ಮಾಡಬೇಡಿ. ತೀರಿಹೋದ ಅಮ್ಮ ಎಲ್ಲಿ ಅಂತ ಕೇಳಿದರೆ, ಸತ್ತಿದ್ದಾರೆ ಅಂತ ದಿನಾ ಹೊಸದಾಗಿ ಅಳಿಸಬೇಡಿ. "ಅಮ್ಮನ ನೆನಪಾಯಿತಾ? ಅಮ್ಮ ಏನು ಅಡುಗೆ ಮಾಡುತ್ತಿದ್ದರು?" ಅಂತ ಕೇಳಿ. ಎದ್ದೇಳುವುದು, ಊಟ, ಸ್ನಾನ ದಿನಾ ಅದೇ ಹೊತ್ತಿಗೆ ಇರಲಿ. ಬಚ್ಚಲು, ದೇವರ ಕೋಣೆ ಅಂತ ಬಾಗಿಲ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿ. ಕೆರೆ, ಬಾವಿಗೆ ಬೇಲಿ ಹಾಕಿಸಿ. ಜೇಬಿನಲ್ಲಿ ಹೆಸರು, ಫೋನ್ ನಂಬರಿನ ಚೀಟಿ ಇರಲಿ. ಅದನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಯಿರಿ. ಮುಂದೆ ಮುಂದೆ ಆಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು. ಮನೆಗೆ ಸಹಾಯಕ್ಕೆ ಬರುವವರಿಗೆ ಮಲಯಾಳ ಮಾತ್ರ ಗೊತ್ತಿದ್ದರೆ ನೀರು, ನೋವು, ಹಸಿವು, ಪಾಯಿಖಾನೆ ಇಂಥ ಇಪ್ಪತ್ತು ಮಾತುಗಳನ್ನು ಕನ್ನಡದಲ್ಲೋ ತುಳುವಿನಲ್ಲೋ ಕಲಿಸಿಕೊಡಿ.

ಭೂಮಿ, ಬ್ಯಾಂಕು, ಉಯಿಲಿನ ಕಾಗದಗಳನ್ನು ಅವರಿಗೆ ಬುದ್ಧಿ ಸರಿಯಿರುವಾಗಲೇ, ಅವರ ಇಷ್ಟ ಕೇಳಿಯೇ ಮುಗಿಸಿ. ನಾವು ತಡಮಾಡಿ ಕಷ್ಟಪಟ್ಟೆವು.

ಹಾಸಿಗೆ ಹಿಡಿದವರಿದ್ದರೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ, ಆಶಾ ಕಾರ್ಯಕರ್ತೆಯರಿಗೆ ಹೇಳಿದರೆ ಸಾಕು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056, ಹಿರಿಯರ ಸಹಾಯವಾಣಿ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಈ ಮೂರೂ ನಂಬರನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ಬರೆದಿಡಿ. ಟೆಲಿ ಮಾನಸ್‌ಗೆ ನೋಡಿಕೊಳ್ಳುವವರೂ ಫೋನ್ ಮಾಡಬಹುದು. ನಾನು ಮಾಡಿದ್ದೇನೆ.

ಹೆಜ್ಜೆ 10: ಈಗ ನಿಮ್ಮ ಸರದಿ

ಆಲ್ಝೈಮರ್‌ನ ಬದಲಾವಣೆ ಮೆದುಳಿನಲ್ಲಿ ಶುರುವಾಗುವುದು ಮರೆವು ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ. ಅಪ್ಪನ ಲೆಕ್ಕದ ಪುಸ್ತಕ ಖಾಲಿ ಉಳಿದಾಗ ಅವರಿಗೆ 73. ಅಂದರೆ ಕೆಲಸ ಮಾಡಬೇಕಾದ ಕಾಲ ಅವರ ಐವತ್ತರ ಹರೆಯ. ಈಗ ನನಗಿರುವ ವಯಸ್ಸು. ಇದನ್ನು ಓದುತ್ತಿರುವ ನಿಮಗೂ ಹೆಚ್ಚುಕಡಿಮೆ ಅಷ್ಟೇ ಇರಬಹುದು. ಮೇಲೆ ಹೇಳಿದ ಬಿಪಿ, ಕಿವಿ, ಉಪ್ಪು, ನಡಿಗೆ ಇವುಗಳಿಂದ ಅಪ್ಪನಿಗಿಂತ ಹೆಚ್ಚು ಲಾಭ ಆಗುವುದು ನಮಗೆ.

ಅಪ್ಪನನ್ನು ಕರೆದುಕೊಂಡು ಹೋದ ದಿನ ಅದೇ ಬೆಂಚಿನಲ್ಲಿ ಕೂತು ನಾನೂ ಬಿಪಿ ನೋಡಿಸಿದೆ. 148, 92 ಇತ್ತು. ಒಂದು ವಾರ ಬಿಟ್ಟು ಮತ್ತೆ ನೋಡಿದರೂ ಹಾಗೇ ಇತ್ತು. ಮಾತ್ರೆ ಶುರುಮಾಡಿದೆ, ಸಂಜೆ ತೋಟದ ಕೆಳಗಿನ ತೋಡಿನವರೆಗೆ ಹೋಗಿ ಬರುತ್ತೇನೆ. ಈ ಸಲ ಉಪ್ಪುಸೊಳೆ ಒಂದೇ ಭರಣಿ ಹಾಕಿದ್ದು. ಕಿವಿಯ ಪರೀಕ್ಷೆ ಇನ್ನೂ ಬಾಕಿ ಇದೆ, ದೀಪಾವಳಿ ಕಳೆದ ವಾರಕ್ಕೆ ದಿನ ಕೊಟ್ಟಿದ್ದಾರೆ.